ಮನೆಗೊಂದು ನಾಸ್

ವರ್ತೂರು ಕೆರೆಗೆ ಕೊಳಚೆ ಬಿಡುವ ಪೈಪುಗಳ ವಿಡಿಯೋಗಳು ವನಜಾಳ ಮನೆಯ ಮೂರು ಕಂಪ್ಯೂಟರುಗಳಲ್ಲಿ ಚೆದುರಿದ್ದವು. ಒಂದು ಆಗಲೇ ಕೆಟ್ಟಿತ್ತು. ಉಳಿದವೂ ಕೈಕೊಟ್ಟರೆ ಕೋರ್ಟಿಗೆ ಕೊಡಲು ಸಾಕ್ಷಿಯೇ ಇರುವುದಿಲ್ಲ.

“ಎಲ್ಲಾ ಒಂದೇ ಕಡೆ ಇಡೋಕೆ ನಾಸ್ ತರಿಸಿ ಅಂತ ಯುಗಾದಿಯಿಂದ ಬಡ್ಕೋತಿದೀನಿ!” ಎಂದಳು.

“ಎರಡು ಡಿಸ್ಕಿಂದು ಅಗ್ಗ, ನಾಲ್ಕರದ್ದು ಒಳ್ಳೇದು. ಆಫರ್ ಬರ್ಲಿ ತಡಿಯೇ,” ಎಂದ ಗಂಡ ನಂದೀಶ್.

ಅತ್ತೆ ಪಿಳ್ಳಮ್ಮ ಸಿಡಿದರು: “ಕಾಸು ಕೊಟ್ಟು ಮನೆಗೆ ನಾಸ ತತ್ತೀರಾ?” ಅವರ ಬಾಯಲ್ಲಿ ನಾಶವೂ ನಾಸವೇ.

“ಕೆರೆ ಹಾಳು ಮಾಡ್ದೋರ ವಿಡಿಯೋ ಇಡೋ ಪೆಟ್ಟಿಗೆ ಅತ್ತೆ. ಒಂದು ಡಿಸ್ಕ್ ಹೋದ್ರೂ ಇನ್ನೊಂದ್ರಲ್ಲಿ ಇರುತ್ತೆ.”

ಪಿಳ್ಳಮ್ಮ ಮಗನತ್ತ ತಿರುಗಿದರು. “ಇದ್ದಿದ್ದೊಂದು ಕೆರೆ ಓಯ್ತು. ನೀನಿನ್ನೂ ಆಫರ್ ಕಾಯ್ತಾ ಕುಂತಿದೀಯೇನ್ಲಾ?”

ನಂದೀಶ್ ಬಾಯಿ ತೆರೆಯುವಷ್ಟರಲ್ಲಿ ವನಜಾ ಅವನ ಫೋನು ಕಿತ್ತುಕೊಂಡು ಎರಡು ಡಿಸ್ಕಿನದಕ್ಕೇ ಆರ್ಡರ್ ಒತ್ತಿದಳು.