ತಂಗಿಯ ಬೀಟ್‌ರೂಟ್ ಪಾತಿ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ದೊಡ್ಡವಳ ಹೊಟ್ಟೆಕಿಚ್ಚಿಗಂತೂ ಇರಲಿಲ್ಲ. ಏಳನೇ ಕ್ಲಾಸಿನ ಅವಳಿಗೂ ಐದನೇ ಕ್ಲಾಸಿನ ತಂಗಿ ಚಿಕ್ಕವಳಿಗೂ ಶಾಲೆಯ ತೋಟದಲ್ಲಿ ಅಕ್ಕಪಕ್ಕದ ಪಾತಿಗಳೇ ಸಿಕ್ಕಿದ್ದವು. ಯಾರ ಬೀಟ್‌ರೂಟ್ ಚೆನ್ನಾಗಿ ಬರುತ್ತದೋ ಮುಂದಿನ ವರ್ಷ ತೋಟದ ಬೀಗದಕೈ ಅವರ ಕೈಗೆ. ದೊಡ್ಡವಳಿಗೆ ಅದು ಬೇಕೇ ಬೇಕಿತ್ತು. ಮನೆಯಲ್ಲಿ ಹಾಡಿದರೆ ಚಿಕ್ಕವಳದೇ ಚೆಂದ, ನಕ್ಕರೆ ಚಿಕ್ಕವಳದೇ ಚೆಂದ, ಕೊನೆಗೆ ಕೆಮ್ಮಿದರೂ ಚಿಕ್ಕವಳದೇ ಚೆಂದ. ಒಂದಾದರೂ ತನ್ನದಾಗಲಿ ಎಂಬ ಹಟ ಅವಳದು.

ಬೀಟ್‌ರೂಟಿನದೊಂದು ತರಲೆ ಇದೆ. ಬಿತ್ತುವುದು ಒಂದೇ ಬೀಜ, ಏಳುವುದು ಮೂರು ನಾಲ್ಕು ಮೊಳಕೆ. ಅದಕ್ಕೇನು ಮಾಡಬೇಕೆಂದು ತೋಟದ ಮೇಷ್ಟ್ರು ವಿವರಿಸುತ್ತಿದ್ದಾಗ ದೊಡ್ಡವಳ ಕಿವಿ ಅಲ್ಲಿರಲಿಲ್ಲ. ಅವಳು ತಂಗಿಯ ಸಸಿಗಳನ್ನು ಎಣಿಸುತ್ತಿದ್ದಳು. ತನ್ನದಕ್ಕಿಂತ ಹನ್ನೊಂದು ಹೆಚ್ಚು! ಮೈಯೆಲ್ಲ ಉರಿದುಹೋಯಿತು.

ಮರುದಿನ ಊಟದ ಬಿಡುವಿನಲ್ಲಿ, ಯಾರೂ ಇಲ್ಲದ್ದು ನೋಡಿ ತಂಗಿಯ ಪಾತಿಗೆ ನುಗ್ಗಿದಳು. ಎಲ್ಲ ಕಿತ್ತರೆ ಗೊತ್ತಾಗಿಬಿಡುತ್ತದೆ. ಗುಂಪಿಗೊಂದು ಬಿಟ್ಟು, ಉಳಿದವನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದಳು. ತನ್ನ ಪಾತಿಯಲ್ಲಿ ಒಂದನ್ನೂ ಮುಟ್ಟಲಿಲ್ಲ. ಆಮೇಲೆ ಎರಡು ತಿಂಗಳು ನೆಮ್ಮದಿಯಾಗಿ ನೀರು ಹಾಕಿದಳು.

ಕೀಳುವ ದಿನ ಬಂತು. ದೊಡ್ಡವಳು ಸೊಪ್ಪು ಹಿಡಿದೆಳೆದರೆ ಬಂದದ್ದು ಒಂದಕ್ಕೊಂದು ತಳುಕು ಹಾಕಿಕೊಂಡ, ಬೆರಳು ಗಾತ್ರದ ಬೇರುಗಳು. ಪಕ್ಕದಲ್ಲಿ ಚಿಕ್ಕವಳು ಎರಡೂ ಕೈಯಿಂದ ಎಳೆದು ಗಡ್ಡೆಯ ಸಮೇತ ಅಂಗಾತ ಬಿದ್ದಳು. ಗಡ್ಡೆ ಅವಳ ಎರಡು ಮುಷ್ಟಿಯಷ್ಟಿತ್ತು.

"ಒತ್ತಾಗಿರೋ ಸಸಿ ಕಿತ್ತಿದ್ದಕ್ಕೇ ಹೀಗೆ ಬಂದಿರೋದು," ಎಂದರು ಮೇಷ್ಟ್ರು. "ಪರವಾಗಿಲ್ವೇ, ಧೈರ್ಯ ಮಾಡಿದ್ದೀಯ!"

"ನಾನಲ್ಲ ಸಾರ್," ಎಂದಳು ಚಿಕ್ಕವಳು, ಮಣ್ಣು ಕೊಡವಿಕೊಳ್ಳುತ್ತ. "ಪಾಪ, ಸಸಿ ಕೀಳೋಕೆ ನಂಗೆ ಮನಸ್ಸೇ ಬರ್ಲಿಲ್ಲ. ಅತ್ತುಬಿಟ್ಟಿದ್ದೆ. ಅಕ್ಕಾನೇ ಊಟ ಬಿಟ್ಟು ಬಂದು ಕಿತ್ತುಕೊಟ್ಳು. ಕ್ಲಾಸಿನ ಕಿಟಕಿಯಿಂದ ನೋಡ್ದೆ. ತನ್ನ ಪಾತಿ ನೋಡ್ಕೊಳ್ಳೋಕೂ ಅವಳಿಗೆ ಹೊತ್ತು ಸಿಗ್ಲಿಲ್ಲ. ಬೀಗದಕೈ ಅಕ್ಕಂಗೇ ಕೊಡಿ ಸಾರ್."

ಮೇಷ್ಟ್ರು ಕೊಟ್ಟೇಬಿಟ್ಟರು. ದೊಡ್ಡವಳು ಕೈ ಚಾಚಿ ತೆಗೆದುಕೊಂಡಳು. ಅಷ್ಟು ದಿನ ಹಂಬಲಿಸಿದ ಬೀಗದಕೈ ಮಣ್ಣು ಮೆತ್ತಿದ ಅಂಗೈಯಲ್ಲಿತ್ತು. ಆದರೂ ಹೊಟ್ಟೆಯ ಉರಿ ಆರಲಿಲ್ಲ. ಈ ಸಲ ಅದು ತಂಗಿಯ ಮೇಲಲ್ಲ, ತಂಗಿ ಕಿಟಕಿಯಿಂದ ನೋಡಿದ್ದ ಆ ಅಕ್ಕನ ಮೇಲೆ.