ಕಿವಿಯಿದ್ದ ಟೋಪಿ

ನಾನು ಹೆಣೆದು ಆನ್‌ಲೈನ್‌ನಲ್ಲಿ ಮಾರುವ ಮಕ್ಕಳ ಟೋಪಿಗಳ ಫೋಟೋ ಕದ್ದು, ಮಹಡಿ ಮೇಲಿನ ನನ್ನ ಓರಗಿತ್ತಿ ಅದೇ ಸೈಟಿನಲ್ಲಿ ಅಂಥವನ್ನೇ ಅರ್ಧ ಬೆಲೆಗೆ ಮಾರತೊಡಗಿದಳು. ಕೇಳಿದರೆ, "ಟೋಪಿ ಹೆಣೆಯೋದನ್ನ ನೀವೊಬ್ರೇ ಗುತ್ತಿಗೆ ಹಿಡಿದಿದ್ದೀರಾ ಅಕ್ಕ?" ಎಂದಳು. ಮೈಯೆಲ್ಲ ಉರಿದುಹೋಯಿತು. ಮಾರುವವರಿಗೆ ಸೈಟಿನವರು ಹಾಕಿದ ನಿಯಮಗಳನ್ನು ಒಂದೂ ಬಿಡದೆ ಓದಿದೆ. ಫೋಟೋದಲ್ಲಿದ್ದಂತಿಲ್ಲ ಎಂದು ಮಾಲು ಪದೇ ಪದೇ ವಾಪಸ್ ಬಂದರೆ ಅಂಗಡಿ ಬಂದ್!

ಮರುದಿನ ಕಿವಿಗಳಿರುವ ಬೂದು ಟೋಪಿಯನ್ನು ಹಿಂದಿನಿಂದ, ತೀರಾ ಹತ್ತಿರದಿಂದ ತೆಗೆದ ಫೋಟೋ ಹಾಕಿ, 'ಸ್ಟಾಕ್ ಇಲ್ಲ' ಎಂದು ಬರೆದೆ. ಸಂಜೆಯೊಳಗೆ ಅದು ಅವಳ ಅಂಗಡಿಯಲ್ಲಿತ್ತು. ನಾನು ಹೇಳಿಕೊಟ್ಟಂತೆ ತವರಿನ ಚಿಕ್ಕಮ್ಮ, ಅತ್ತಿಗೆ, ಅಕ್ಕಂದಿರೆಲ್ಲ ಅವಳಿಗೇ ಆರ್ಡರ್ ಕೊಟ್ಟರು.

ಹೆಣೆದು ಬಿಚ್ಚಿ, ಬಿಚ್ಚಿ ಹೆಣೆದು ಸಾಕಾಗಿ ಕೊನೆಗೆ ಅವಳೇ ಕೆಳಗಿಳಿದು ಬಂದು ನನ್ನೆದುರು ಕೂತಳು.

"ನಿಮ್ಮ ಕಾಲಿಗೆ ಬೀಳ್ತೀನಿ ಅಕ್ಕ. ಫೋಟೋದಲ್ಲಿದ್ದ ಹಾಗಿಲ್ಲ ಅಂತ ಎಲ್ಲರೂ ವಾಪಸ್ ಕಳಿಸ್ತಿದ್ದಾರೆ. ಇನ್ನೊಂದು ವಾಪಸ್ ಬಂದ್ರೆ ಅಂಗಡಿ ಮುಚ್ಚಿಸ್ತಾರಂತೆ. ಆ ಕಿವಿ ಹೇಗೆ ಹೆಣೆದ್ರಿ?"

ಕುರ್ಚಿಯಡಿ ಮಲಗಿದ್ದ ನಮ್ಮ ಬೂದು ಬೆಕ್ಕನ್ನೆತ್ತಿ ಅವಳ ಮಡಿಲಿಗೆ ಹಾಕಿದೆ. ಅದರ ತಲೆಗೆ ಫೋಟೋದಲ್ಲಿದ್ದ ಆ ಟೋಪಿ ತೊಡಿಸಿದೆ.

"ನಾನು ಬಿಟ್ಟಿದ್ದು ಎರಡು ತೂತು ಅಷ್ಟೇ ಕಣೇ. ಕಿವಿ ಇದರದ್ದು. ಹೇಗೆ ಬಂತು ಅಂತ ಇದನ್ನೇ ಕೇಳ್ಕೋ."