ಹೆಲನ್ ಅವರ ಭಾನುವಾರದ ತರಗತಿ

ಹೆಲನ್ ಯಾರಿಗಿಂತಲೂ ಮುಂದೆ ನಡೆದದ್ದನ್ನು ನಮಿತಾ ಕಂಡಿರಲಿಲ್ಲ. ಎಪ್ಪತ್ತು ದಾಟಿದರೂ ಬೆನ್ನು ಬಾಗದ ಆ ಎತ್ತರದ ಹೆಂಗಸು ನೈರೋಬಿಯ ಸ್ಪ್ರಿಂಗ್ ವ್ಯಾಲಿ ಬಡಾವಣೆಯ ಏರುರಸ್ತೆಯಲ್ಲಿ ಜೊತೆಗಿದ್ದವರ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ತಗ್ಗಿಸಿ, ಅವರು ನಿಂತರೆ ತಾವೂ ನಿಂತು, ನಿಂತದ್ದಕ್ಕೆ ಯಾವುದೋ ಹೂವಿನ ನೆಪ ಹೇಳುತ್ತಿದ್ದರು. ಫೆಬ್ರವರಿಯ ಬಿಸಿಲಿಗೂ ಕಳಚದ ಹಸಿರು ಉಣ್ಣೆಯ ಕೋಟು. ಜೇಬಿನಲ್ಲಿ ಸೀಮೆಸುಣ್ಣದ ಪುಡಿ ಮೆತ್ತಿದ ಒಣದ್ರಾಕ್ಷಿ. ಮಾತಿನ ಕೊನೆಗೆ ‘ಅಲ್ಲವೇ?’ ಎಂದು ಇಂಗ್ಲಿಷಿನಲ್ಲಿ ಕೇಳಿ, ಉತ್ತರ ಬರುವವರೆಗೂ ನಿಜವಾಗಿಯೇ ಕಾಯುವ ಅಭ್ಯಾಸ.

ಆ ಊರಿನ ಪುಟ್ಟ ಯಹೂದಿ ಸಮುದಾಯದ ಮಕ್ಕಳಿಗೆ ಅವರು ಭಾನುವಾರ ಬೆಳಿಗ್ಗೆ ಹೀಬ್ರೂ ಕಲಿಸುತ್ತಿದ್ದರು. ಬ್ಯಾಂಕಿನ ಕೆಲಸದ ಮೇಲೆ ಬೆಂಗಳೂರಿನಿಂದ ಬಂದು ಪಕ್ಕದ ಮನೆಯಲ್ಲಿದ್ದ ನಮಿತಾ, ಅದೇ ದಿನ ಸಂಜೆ ಕನ್ನಡದ ಮಕ್ಕಳಿಗೆ ಶ್ಲೋಕ, ಹಾಡು ಹೇಳಿಕೊಡುತ್ತಿದ್ದಳು.

ಅವಳ ತರಗತಿಗೆ ಬರುತ್ತಿದ್ದ ಉಷಾಳ ಮಗಳು, ಒಂಬತ್ತು ವರ್ಷದ ಸಾನ್ವಿಗೆ ಮಾತು ಬರುತ್ತಿರಲಿಲ್ಲ. ಹಾಡು ಕಿವಿಗೆ ಬಿದ್ದರೆ ಹಿಗ್ಗಿನಿಂದ ಒಂದೇ ಸ್ವರದಲ್ಲಿ ಉದ್ದಕ್ಕೆ ಕೂಗುತ್ತಿದ್ದಳು. 2014ರ ರಾಜ್ಯೋತ್ಸವದ ಹಿಂದಿನ ವಾರ ನಮಿತಾ ಉಷಾಳನ್ನು ಪಕ್ಕಕ್ಕೆ ಕರೆದಳು.

“ಈ ಸಲ ಸಾನ್ವಿ ಸ್ಟೇಜ್ ಮೇಲೆ ಬೇಡ ಕಣ್ರೀ. ಪಾಪ, ಅವಳಿಗೇ ಸ್ಟ್ರೆಸ್ ಆಗುತ್ತೆ.”

ಉಷಾ ಸರಿ ಎಂದಳು, ಅಷ್ಟೇ. ಕಾರ್ಯಕ್ರಮ ಅಚ್ಚುಕಟ್ಟಾಗಿ ಮುಗಿಯಿತು. ತಾಯಿ ಮಗಳು ಮತ್ತೆ ಬರಲಿಲ್ಲ.

ಮರುವರ್ಷ ಹೆಲನ್ ತಮ್ಮ ಮಕ್ಕಳ ಧರ್ಮಗ್ರಂಥ ವಾಚನಕ್ಕೆ ನಮಿತಾಳನ್ನು ಕರೆದರು. ಹನ್ನೆರಡು ತುಂಬಿ ಧರ್ಮದ ಹೊಣೆಗೆ ಅರ್ಹಳಾದ ಹುಡುಗಿಯೊಬ್ಬಳು ಅಂದು ಓದಬೇಕಿತ್ತು. ಅವಳು ಗಾಲಿಕುರ್ಚಿಯಲ್ಲಿದ್ದಳು, ಮಾತಿಲ್ಲ, ಕೈ ಅಂಕೆಗೆ ಸಿಗದು. ಆ ಕೈಯಲ್ಲಿ, ಸಾಲು ತೋರಿಸುವ ಬೆಳ್ಳಿಯ ಪುಟ್ಟ ಕೋಲು. ಅವಳು ಅದನ್ನು ದಪ್ಪಕ್ಷರದ ಪುಟದ ಮೇಲೆ ಸರಿಸಿದಂತೆ ಉಳಿದ ಮಕ್ಕಳು ಗಟ್ಟಿಯಾಗಿ ಓದುತ್ತಿದ್ದರು. ಒಂದು ಪದದ ಮೇಲೆ ಕೋಲು ನಡುಗುತ್ತ ಬಹಳ ಹೊತ್ತು ನಿಂತಿತು. ಯಾರೂ ಮುಂದಿನ ಪದಕ್ಕೆ ಹಾರಲಿಲ್ಲ, ಯಾರೂ ಅವಳ ಕೈ ಹಿಡಿದು ಎಳೆಯಲಿಲ್ಲ. ಸಭೆಯೆಲ್ಲ ಸುಮ್ಮನೆ ಕಾಯಿತು. ನಮಿತಾಳಿಗೆ ತಲೆಯೆತ್ತಲಾಗಲಿಲ್ಲ.

ಚಹಾದ ಹೊತ್ತಿಗೆ ಅವಳು ಹೆಲನ್‌ಗೆ ಎಲ್ಲವನ್ನೂ ಹೇಳಿಬಿಟ್ಟಳು, ಒಂದು ಸಮಾಧಾನದ ಮಾತು ಸಿಕ್ಕೀತೆಂದು. ಹೆಲನ್ ಸಮಾಧಾನ ಹೇಳಲಿಲ್ಲ.

“ನಾನೂ ಹಿಂದೊಮ್ಮೆ ಒಂದು ಮಗುವನ್ನು ವಾಪಸ್ ಕಳಿಸಿದ್ದೆ. ಮಗುವಿನ ಒಳ್ಳೆಯದಕ್ಕೇ ಅಂದಿದ್ದೆ. ಆ ಮನೆಯವರು ದೇಶ ಬಿಟ್ಟರು; ಕ್ಷಮೆ ಕೇಳಲು ನನ್ನ ಹತ್ತಿರ ವಿಳಾಸವೂ ಇಲ್ಲ. ನಿನ್ನ ಉಷಾ ಇದೇ ಊರಿನಲ್ಲಿದ್ದಾಳೆ, ಅಲ್ಲವೇ?”

ಕೇಳಿ, ಕಾದರು.

ನೈರೋಬಿಯಲ್ಲೇ, ಹರ್ಲಿಂಗ್‌ಹ್ಯಾಮಿನ ತನ್ನ ಫ್ಲ್ಯಾಟಿನಲ್ಲಿ ಉಷಾ ಕಾಫಿ ಕೊಟ್ಟಳು. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತನ್ನೆಲ್ಲ ಬಿಟ್ಟು ನಮಿತಾ ನೇರವಾಗಿ ಹೇಳಿದಳು.

“ಸ್ಟ್ರೆಸ್ ಇದ್ದದ್ದು ಅವಳಿಗಲ್ಲ ಉಷಾ, ನನಗೆ. ಜನ ಏನಂದ್ಕೋತಾರೋ ಅಂತ.”

ಉಷಾ ಲೋಟ ಕೆಳಗಿಟ್ಟಳು. “ಈಗ ಅವಳು ಕೂಗೋದೇ ಇಲ್ಲ ಕಣ್ರೀ. ಹಾಡು ಹಾಕಿದ್ರೆ ಎದ್ದು ರೂಮಿಗೆ ಹೋಗ್ತಾಳೆ.”

ಎರಡು ತಿಂಗಳಾದ ಮೇಲೆ ಸಾನ್ವಿ ಮತ್ತೆ ತರಗತಿಗೆ ಬಂದಳು. ಗೋಡೆಗೊರಗಿ ಕೂರುತ್ತಿದ್ದಳು, ಒಮ್ಮೊಮ್ಮೆ ತಾಳಕ್ಕೆ ಬೆರಳಾಡಿಸುತ್ತಿದ್ದಳು. ಆ ಕೂಗು ಮಾತ್ರ ಮರಳಲಿಲ್ಲ. ಪ್ರತಿ ಹಾಡಿನ ಕೊನೆಗೂ ನಮಿತಾ ಅದಕ್ಕಾಗಿ ಕಿವಿಗೊಟ್ಟು, ನಾಚಿ, ಮುಂದಿನ ಹಾಡು ಎತ್ತಿಕೊಳ್ಳುತ್ತಿದ್ದಳು.

ಹೆಲನ್‌ರಂಥವರು ಹುಟ್ಟಾ ಕರುಣಾಳುಗಳೆಂದು ನಂಬುವುದು ನಮಗೆಲ್ಲ ಅನುಕೂಲ. ಆ ಗುಣ ನಮಗೆ ದಕ್ಕಿಲ್ಲವೆಂದು ಕೈತೊಳೆದುಕೊಳ್ಳಬಹುದು. ಆದರೆ ಅವರಲ್ಲಿ ಬಹುಪಾಲು ಜನ ಎಂದೋ ಒಂದು ಮಗುವಿನೆದುರು ಬಾಗಿಲು ಮುಚ್ಚಿದವರು, ಆ ಸದ್ದನ್ನು ಮರೆಯಲೊಪ್ಪದೆ ಉಳಿದ ಆಯುಷ್ಯವನ್ನೆಲ್ಲ ಬಾಗಿಲು ತೆರೆಯುವುದರಲ್ಲೇ ಕಳೆಯುವವರು.